ಟವರ್ ನೋಡಿ ಸಿಮ್ ಕೊಳ್ಳಿ, ದುಡ್ಡು ಎಣಿಸಿ ಫೋನು ಕೊಳ್ಳಿ

ಆಂಧ್ರದ ಬೆಳುಗುಪ್ಪ, ರಾಯದುರ್ಗ, ಮಡಕಶಿರ ಕಡೆಯ ನಮ್ಮ ಹುಡುಗ ಹುಡುಗಿಯರಿಗೆ ಈ ಮಾತು. ಶೇಂಗಾ ಮಾರಿ ಕೈಗೆ ನಾಲ್ಕು ಕಾಸು ಬಂದಾಗಲೋ, ಬೆಂಗಳೂರಿನಿಂದ ಹಬ್ಬಕ್ಕೆ ಊರಿಗೆ ಬಂದಾಗಲೋ ನಿಮ್ಮ ಕಾಲು ಮೊದಲು ಎಳೆಯುವುದು ಮೊಬೈಲ್ ಅಂಗಡಿಯ ಕಡೆಗೆ. ಹೋಗಬೇಡಿ ಎಂದು ಹೇಳಲು ನಾನು ಕೂತಿಲ್ಲ. ಬ್ಯಾಂಕಿನ ಒಟಿಪಿ ಅದರಲ್ಲೇ ಬರಬೇಕು, ಪಿಎಂ ಕಿಸಾನ್ ಇ-ಕೆವೈಸಿ ಅದರಲ್ಲೇ ಆಗಬೇಕು, ಕಾಲೇಜಿನ ಅರ್ಜಿ ಅದರಲ್ಲೇ ತುಂಬಬೇಕು. 2025ರ ಜನವರಿಯಿಂದ ಆಂಧ್ರ ಸರ್ಕಾರದ ‘ಮನ ಮಿತ್ರ’ ಸೇವೆಯೂ ವಾಟ್ಸಾಪ್‌ನಲ್ಲೇ ನಡೆಯುತ್ತಿದೆ. ಫೋನು ಬೇಕು. ನನ್ನ ಚಿಂತೆ ಬೇರೆಯದು. ಯಾವ ಫೋನು, ಯಾವ ಕಂಪನಿ ಎಂಬುದನ್ನು ನೀವು ನಿಮ್ಮ ಊರನ್ನು ನೋಡಿ, ನಿಮ್ಮ ಮನೆಯ ಲೆಕ್ಕ ನೋಡಿ ತೀರ್ಮಾನಿಸುತ್ತಿಲ್ಲ. ಜಾಹೀರಾತಿನವರು, ಅಂಗಡಿಯವರು, ಜೊತೆಗಾರರು ನಿಮ್ಮ ಪರವಾಗಿ ತೀರ್ಮಾನಿಸುತ್ತಿದ್ದಾರೆ. ಆ ತೀರ್ಮಾನಕ್ಕೆ ದುಡ್ಡು ಕಟ್ಟುವವರು ಮಾತ್ರ ನಿಮ್ಮ ಅಪ್ಪ, ಅಮ್ಮ.

ನಾನು ಹಳೆಯ ಕಾಲವನ್ನು ಹೊಗಳುವವನಲ್ಲ. ಆ ಕಾಲದಲ್ಲಿ ಬೆಂಗಳೂರಿಗೆ ಗುಳೆ ಹೋದ ಮಗ ಬದುಕಿದ್ದಾನೋ ಇಲ್ಲವೋ ಎಂದು ತಿಳಿಯಲು ಕಾಗದ ಬರುವವರೆಗೆ ಕಾಯಬೇಕಿತ್ತು. ಟ್ರಂಕ್ ಕಾಲ್ ಬುಕ್ ಮಾಡಿದರೆ ಬೆಳಗ್ಗೆ ಕೂತವರು ಸಂಜೆಗೆ ಏಳುತ್ತಿದ್ದರು. 1984ರಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಶುರುವಾಯಿತು. ಸ್ಯಾಮ್ ಪಿತ್ರೋಡಾ ಮತ್ತು ಅವರ ಜೊತೆಯ ಎಂಜಿನಿಯರುಗಳು ನಮ್ಮ ಬಿಸಿಲು, ನಮ್ಮ ದೂಳು ತಡೆಯುವಂಥ ಸಣ್ಣ ಎಕ್ಸ್‌ಚೇಂಜುಗಳನ್ನು ದೇಶದಲ್ಲೇ ಮಾಡಿದರು. ಆ ಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ರಾತ್ರಿ ಹೊತ್ತಾದಷ್ಟೂ ದರ ಇಳಿಯುತ್ತಿತ್ತು. ಹಾಗಾಗಿ ಊಟ ಮುಗಿಸಿ, ಏನೇನು ಹೇಳಬೇಕೆಂದು ಮನೆಯಲ್ಲೇ ಮಾತಾಡಿಕೊಂಡು, ಕೆಲವರು ಚೀಟಿಯಲ್ಲಿ ಬರೆದುಕೊಂಡು ಬೂತಿಗೆ ಹೋಗುತ್ತಿದ್ದರು. ಕೆಂಪು ಅಂಕಿ ಓಡುವ ಮೀಟರಿನ ಮೇಲೆ ಒಂದು ಕಣ್ಣು ಇರುತ್ತಿತ್ತು. ಮಳೆ ಬಂತು, ಎತ್ತು ಮಾರಿದೆವು, ಅಜ್ಜಿಗೆ ಹುಷಾರಿಲ್ಲ. ಮೂರು ಮಾತಿನಲ್ಲಿ ಮುಗಿಯುತ್ತಿತ್ತು.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಮಂತ್ರಿ ಸುಖ್‌ರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆಗ ಮಾಡಿದ ಕರೆಗೂ ದುಡ್ಡು, ಬಂದ ಕರೆಗೂ ದುಡ್ಡು. ಒಳಬರುವ ಕರೆ ಉಚಿತವಾದದ್ದು 2003ರಲ್ಲಿ. ಅದೇ ಹೊತ್ತಿಗೆ ಬಿಎಸ್‌ಎನ್‌ಎಲ್ ಮೊಬೈಲ್ ಸೇವೆ ಶುರುಮಾಡಿತ್ತು. 2003ರಲ್ಲೇ ಬಂದ ನೋಕಿಯಾ 1100 ಎಂಬ ಸಣ್ಣ ಫೋನು ನಮ್ಮ ಹಳ್ಳಿಗಳಿಗೆ ಬಂತು. ಅದರ ತಲೆಯಲ್ಲಿ ಟಾರ್ಚ್ ಇತ್ತು. ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋಗುವವರಿಗೆ ಆ ಟಾರ್ಚೇ ದೊಡ್ಡದು. ಕರೆಯ ದರ ಉಳಿಸಲು ಮಿಸ್ಡ್ ಕಾಲಿನಲ್ಲೇ ಮಾತು ಮುಗಿಸುತ್ತಿದ್ದೆವು. ಒಂದು ರಿಂಗ್ ಆದರೆ ಬಸ್ಸು ಹತ್ತಿದೆ, ಎರಡು ರಿಂಗ್ ಆದರೆ ಊರು ಸೇರಿದೆ. ಬಡತನದಿಂದ ಹುಟ್ಟಿದ ಉಪಾಯ ಅದು, ನಿಜ. ಆದರೆ ಒಂದು ನಿಮಿಷಕ್ಕೆ ಎಷ್ಟಾಗುತ್ತದೆ ಎಂಬ ಲೆಕ್ಕ ಓದು ಬಾರದ ನಮ್ಮ ತಾಯಂದಿರಿಗೂ ಬಾಯಿಪಾಠವಾಗಿತ್ತು.

ಇವತ್ತು ನಿಮ್ಮನ್ನು ಕೇಳುತ್ತೇನೆ. ಕಳೆದ ಒಂದು ವರ್ಷದಲ್ಲಿ ನಿಮ್ಮ ಮನೆಯ ಎಲ್ಲ ಫೋನುಗಳಿಗೆ ಒಟ್ಟು ಎಷ್ಟು ರೀಚಾರ್ಜ್ ಮಾಡಿದ್ದೀರಿ? ಹತ್ತರಲ್ಲಿ ಒಬ್ಬರೂ ಸರಿಯಾಗಿ ಹೇಳಲಾರರು ಎಂಬುದು ನನ್ನ ಅಂದಾಜು. ನೀವು ದಡ್ಡರೆಂದು ಹೇಳುತ್ತಿಲ್ಲ. ಸ್ವಲ್ಪ ಸ್ವಲ್ಪವಾಗಿ, ಬೇರೆ ಬೇರೆ ದಿನ, ಬೇರೆ ಬೇರೆ ಕೈಯಿಂದ ಹೋಗುವ ದುಡ್ಡು ಕಣ್ಣಿಗೆ ಬೀಳುವುದಿಲ್ಲ.

28 ದಿನದ ಪ್ಯಾಕನ್ನೇ ನೋಡಿ. ಅದನ್ನು ನೀವು ತಿಂಗಳ ಪ್ಯಾಕ್ ಎನ್ನುತ್ತೀರಿ. ವರ್ಷಕ್ಕೆ ತಿಂಗಳು 12, ಆದರೆ 28 ದಿನದ ಲೆಕ್ಕದಲ್ಲಿ 13 ಸಲ ಕಟ್ಟಬೇಕು. 300 ರೂಪಾಯಿಯ ಪ್ಯಾಕ್ ಎಂದು ಇಟ್ಟುಕೊಂಡರೆ ಒಂದು ಫೋನಿಗೆ ವರ್ಷಕ್ಕೆ 3,900. ಮನೆಯಲ್ಲಿ ನಾಲ್ಕು ಫೋನಿದ್ದರೆ 15,600. ಆ ಹದಿಮೂರನೆಯ ಕಂತೇ ನಾಲ್ಕು ಫೋನಿಗೆ 1,200 ಆಗುತ್ತದೆ. ಇದರ ಬಗ್ಗೆ ಜನರ ದೂರು ಹೆಚ್ಚಾದ ಮೇಲೆ 2022ರ ಜನವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಪ್ರತಿಯೊಂದು ಕಂಪನಿಯೂ ಕನಿಷ್ಠ ಒಂದು 30 ದಿನದ ಪ್ಯಾಕನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ಮುಗಿಯುವ ಇನ್ನೊಂದು ಪ್ಯಾಕನ್ನೂ ಇಡಲೇಬೇಕೆಂದು ಆದೇಶ ಮಾಡಿತು. ಆ ಪ್ಯಾಕುಗಳನ್ನು ಯಾರೂ ನಿಮ್ಮ ಮುಂದೆ ತಂದು ಇಡುವುದಿಲ್ಲ. ಕಂಪನಿಯ ಆ್ಯಪಿನಲ್ಲಿ ಕೆಳಗೆ ಕೆಳಗೆ ಹುಡುಕಬೇಕು. ಹುಡುಕಿ. ದಿನದ ಬೆಲೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡಿ. ಎಂಟನೇ ತರಗತಿಯ ಲೆಕ್ಕ ಅದು.

ನಿಮ್ಮಲ್ಲಿ ಹಲವರಿಗೆ ಗಡಿಯ ಕಷ್ಟ ಗೊತ್ತಿಲ್ಲದೆ ಹೋಗಿದೆ. ಅದು ತಿಳಿದರೆ ಈಗಿನ ಸೌಲಭ್ಯದ ಬೆಲೆ ತಿಳಿಯುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆಲೂರು, ಆದವಾನಿ ತಾಲೂಕುಗಳು ಈ ಕಡೆಗೆ ಬಂದವು, ಬಳ್ಳಾರಿ ಆ ಕಡೆಗೆ ಹೋಯಿತು. ಬೀಗರು ಆ ಕಡೆ, ನಾವು ಈ ಕಡೆ. ಮಡಕಶಿರದವರಿಗೆ ಶಿರಾ, ಪಾವಗಡ, ಮಧುಗಿರಿ ಎಲ್ಲ ನೆಂಟರ ಊರು. ಮೊಬೈಲ್ ಬಂದಾಗ ಸರ್ಕಾರ ದೇಶವನ್ನು ಟೆಲಿಕಾಂ ವೃತ್ತಗಳಾಗಿ ಭಾಗ ಮಾಡಿತು. ಆಂಧ್ರ ಒಂದು ವೃತ್ತ, ಕರ್ನಾಟಕ ಇನ್ನೊಂದು. ಹೀಗೆ ನೆಲದ ಮೇಲಿದ್ದ ಗೆರೆ ಗಾಳಿಯಲ್ಲೂ ಬಂತು. ಬಳ್ಳಾರಿ ಆಸ್ಪತ್ರೆಗೆ ರೋಗಿಯನ್ನು ಕರೆದುಕೊಂಡು ಹೋದರೆ, ಅಲ್ಲಿ ಕಾಲಿಟ್ಟ ಕೂಡಲೇ ರೋಮಿಂಗ್. ಊರಿನಿಂದ ‘ಹೇಗಿದ್ದಾರೆ’ ಎಂದು ಕೇಳಲು ಮಾಡಿದ ಕರೆಗೆ ಆಸ್ಪತ್ರೆಯ ಜಗಲಿಯಲ್ಲಿ ಕೂತವರ ಬ್ಯಾಲೆನ್ಸ್ ಕರಗುತ್ತಿತ್ತು.

ಡಿ. ಹಿರೇಹಾಳು, ಅಮರಾಪುರ, ಅಗಳಿ, ರೊಳ್ಳದಂಥ ಗಡಿಯ ಹಳ್ಳಿಗಳಲ್ಲಿ ಇನ್ನೂ ಕಷ್ಟ. ಮನುಷ್ಯ ತನ್ನ ಮನೆಯ ಕಟ್ಟೆಯ ಮೇಲೆ ಕೂತೇ ಇರುತ್ತಿದ್ದ, ಅವನ ಫೋನು ಆಚೆ ರಾಜ್ಯದ ಟವರಿಗೆ ಹೋಗಿ ಸೇರುತ್ತಿತ್ತು. ತಿಳಿದವರು ಫೋನಿನ ಸೆಟ್ಟಿಂಗಿಗೆ ಹೋಗಿ ನೆಟ್‌ವರ್ಕ್ ಆಯ್ಕೆಯನ್ನು ಕೈಯಿಂದಲೇ ಮಾಡಿಕೊಳ್ಳುತ್ತಿದ್ದರು. ತಿಳಿಯದವರು ದುಡ್ಡು ಕಳೆದುಕೊಂಡು, ‘ನಾನು ಮಾತಾಡಲೇ ಇಲ್ಲ, ಬ್ಯಾಲೆನ್ಸ್ ಎಲ್ಲಿಗೆ ಹೋಯಿತು’ ಎಂದು ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ಗುಳೆ ಹೋದವರು ಬೆಂಗಳೂರಿನಲ್ಲಿ ಹೊಸ ಸಿಮ್ ಕೊಳ್ಳುತ್ತಿದ್ದರು, ಊರಿಗೆ ಬಂದಾಗ ಅದನ್ನು ಕಿತ್ತು ಹಳೆಯದನ್ನು ಹಾಕುತ್ತಿದ್ದರು. ನಂಬರು ಬದಲಾಗಿ ಸಂಬಂಧಗಳೇ ತಪ್ಪಿಹೋದ ಮನೆಗಳನ್ನು ಕಂಡಿದ್ದೇನೆ. ಟ್ರಾಯ್ 2013ರಲ್ಲಿ ರೋಮಿಂಗಿನಲ್ಲಿ ಒಳಬರುವ ಕರೆಯ ಗರಿಷ್ಠ ದರವನ್ನು ನಿಮಿಷಕ್ಕೆ 75 ಪೈಸೆಗೆ ಇಳಿಸಿತು, 2015ರ ಮೇ ತಿಂಗಳಲ್ಲಿ 45 ಪೈಸೆಗೆ. ಅದೇ ವರ್ಷದ ಜೂನ್‌ನಲ್ಲಿ ಬಿಎಸ್‌ಎನ್‌ಎಲ್ ಅದನ್ನು ಪೂರ್ತಿ ಉಚಿತ ಮಾಡಿತು. 2015ರ ಜುಲೈ 3ರಿಂದ ಒಂದೇ ನಂಬರನ್ನು ಇಟ್ಟುಕೊಂಡು ರಾಜ್ಯ ದಾಟುವ ಅವಕಾಶವೂ ಬಂತು. ಗಾಳಿಯ ಗೆರೆ ಅಳಿಸಲು ಇಷ್ಟು ವರ್ಷ ಬೇಕಾಯಿತು.

ನಂಬರು ಹಾಗೇ ಇಟ್ಟುಕೊಂಡು ಕಂಪನಿ ಬದಲಾಯಿಸುವ ಅವಕಾಶ ನಿಮ್ಮ ಕೈಯಲ್ಲಿದೆ, ನೀವು ಅದನ್ನು ಬಳಸುತ್ತಿಲ್ಲ. ಸಿಗ್ನಲ್ ಬರುವುದಿಲ್ಲ ಎಂದು ತಿಂಗಳುಗಟ್ಟಲೆ ಬೈಯುತ್ತೀರಿ, ಮಾಳಿಗೆ ಹತ್ತಿ ಮಾತಾಡುತ್ತೀರಿ, ಮತ್ತೆ ಅದೇ ಕಂಪನಿಗೆ ರೀಚಾರ್ಜ್ ಮಾಡುತ್ತೀರಿ. ಏಕೆ? 1900 ನಂಬರಿಗೆ ‘ಪೋರ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ಹತ್ತು ಅಂಕಿಯ ನಂಬರು ಹಾಕಿ ಸಂದೇಶ ಕಳಿಸಿದರೆ ಒಂದು ಕೋಡ್ ಬರುತ್ತದೆ. ಈಗಿನ ಕಂಪನಿಯಲ್ಲಿ 90 ದಿನ ಕಳೆದಿರಬೇಕು. ಕೋಡ್ ನಾಲ್ಕು ದಿನ ನಡೆಯುತ್ತದೆ, ಅಷ್ಟರೊಳಗೆ ಹೊಸ ಕಂಪನಿಯವರ ಹತ್ತಿರ ಆಧಾರ್ ತೋರಿಸಿ ಬದಲಾಯಿಸಿಕೊಳ್ಳಬಹುದು. ಒಂದು ಎಚ್ಚರಿಕೆ: ಅಂಗಡಿಯವನೇ ನಿಮ್ಮ ಫೋನು ಕೈಗೆ ತೆಗೆದುಕೊಂಡು ಈ ಸಂದೇಶ ಕಳಿಸಲು ಬಿಡಬೇಡಿ. ನೀವೇ ಕಳಿಸಿ.

ಬದಲಾಯಿಸುವ ಮೊದಲು ಪರೀಕ್ಷೆ ಮಾಡಿ. ಕದಿರಿಯ ಸಂಶೋಧನಾ ಕೇಂದ್ರದಿಂದ ಕದಿರಿ-6, ಆಮೇಲೆ ಕದಿರಿ ಲೇಪಾಕ್ಷಿ ಶೇಂಗಾ ತಳಿಗಳು ಬಂದಾಗ ನಿಮ್ಮ ಅಪ್ಪಂದಿರು ಚೀಲದ ಮೇಲಿನ ಅಕ್ಷರ ನೋಡಿ ಇದ್ದ ಹೊಲಕ್ಕೆಲ್ಲ ಬಿತ್ತಲಿಲ್ಲ. ಮೊದಲು ಬಿತ್ತಿದವನ ಹೊಲಕ್ಕೆ ಹೋಗಿ ಗಿಡ ಕಿತ್ತು ಕಾಯಿ ಎಣಿಸಿದರು, ನಮ್ಮ ಕೆಂಪು ನೆಲಕ್ಕೆ ಹೊಂದುತ್ತದೆಯೇ ಎಂದು ಕೇಳಿದರು. ಸಿಮ್ಮನ್ನೂ ಹಾಗೆಯೇ ಆರಿಸಿ. ಪಕ್ಕದ ಮನೆಯವರ ಫೋನು ಒಂದು ಗಂಟೆ ಕೇಳಿ ತೆಗೆದುಕೊಳ್ಳಿ. ನಿಮ್ಮ ಮನೆಯ ಒಳಕೋಣೆಯಲ್ಲಿ ನೋಡಿ. ಕಲ್ಲು ಮಣ್ಣಿನ ದಪ್ಪ ಗೋಡೆಯ ಮಾಳಿಗೆ ಮನೆಗಳಲ್ಲಿ ಅಂಗಳದಲ್ಲಿ ಬರುವ ಸಿಗ್ನಲ್ ಒಳಗೆ ಬರುವುದಿಲ್ಲ. ಹೊಲದಲ್ಲಿ, ಬೋರಿನ ಹತ್ತಿರ ನೋಡಿ. ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದವರಿಗೆ ಆ ಜಾಗದ ಸಿಗ್ನಲ್ಲೇ ಮುಖ್ಯ, ಪೇಟೆಯಲ್ಲಿ ಎಷ್ಟು ವೇಗ ಇದ್ದರೇನು? ಜೀಡಿಪಲ್ಲಿ ಜಲಾಶಯದ ಕಡೆ ದನ ಮೇಯಿಸಲು ಹೋಗುವ ಹುಡುಗನಿಗೆ ಯಾವುದು ಸಿಗುತ್ತದೆ ಎಂದು ಅವನನ್ನೇ ಕೇಳಿ. ಕಂಪನಿಗಳು ತಮ್ಮ ಸೇವೆ ಎಲ್ಲೆಲ್ಲಿದೆ ಎಂಬ ನಕಾಶೆಯನ್ನು ಟ್ರಾಯ್ ನಿಯಮದಂತೆ ತಮ್ಮ ವೆಬ್‌ಸೈಟಿನಲ್ಲಿ ಹಾಕಿವೆ, ಅದನ್ನೂ ನೋಡಿ. ಆದರೆ ಕೊನೆಯ ಮಾತು ನಿಮ್ಮ ಹೊಲದಲ್ಲಿ ನಿಂತು ಮಾಡಿದ ಕರೆಯದ್ದು.

5ಜಿ ವಿಷಯದಲ್ಲೂ ಇದೇ. 2022ರ ಅಕ್ಟೋಬರ್ 1ರಂದು ಅದು ದೇಶದಲ್ಲಿ ಶುರುವಾಯಿತು. 700, 900 ಮೆಗಾಹರ್ಟ್ಸ್‌ನಂಥ ಕಡಿಮೆ ಆವರ್ತನದ ಅಲೆಗಳು ದೂರ ಹೋಗುತ್ತವೆ, ಗೋಡೆ ದಾಟುತ್ತವೆ. 3,500 ಮೆಗಾಹರ್ಟ್ಸ್ ಸುತ್ತಿನ ಅಲೆಗಳಲ್ಲಿ ವೇಗ ಹೆಚ್ಚು, ದೂರ ಕಡಿಮೆ. ಟವರು ಊರಿಗೆ ಹತ್ತಿರ ಇಲ್ಲದಿದ್ದರೆ ಆ ವೇಗ ನಿಮ್ಮ ಮನೆಯ ತನಕ ಬರುವುದಿಲ್ಲ. ಇನ್ನೊಂದು ವಿಷಯ ತಿಳಿದುಕೊಳ್ಳಿ. ಸಿಗ್ನಲ್ ಕ್ಷೀಣವಾಗಿದ್ದಾಗ ಫೋನು ಟವರನ್ನು ಹುಡುಕುತ್ತಾ ಹೆಚ್ಚು ಶಕ್ತಿ ಬಳಸುತ್ತದೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಬ್ಯಾಟರಿ ನಿಲ್ಲುವುದಿಲ್ಲವೆಂದು ಹೊಸ ಫೋನು ಕೊಂಡವರಿದ್ದಾರೆ. ಸಿಮ್ ಬದಲಾಯಿಸಿದ್ದರೆ ಸಾಕಿತ್ತು.

ಕಂಪನಿಗಳ ಮೇಲೆ ಅಭಿಮಾನ ಬೆಳೆಸಿಕೊಳ್ಳಬೇಡಿ. ಸಿನಿಮಾ ನಟರ ಅಭಿಮಾನಿ ಸಂಘದವರಂತೆ ನಮ್ಮ ಹುಡುಗರು ಒಂದೊಂದು ಕಂಪನಿಯ ಪರ ನಿಂತು ವಾದ ಮಾಡುವುದನ್ನು ಕೇಳಿದ್ದೇನೆ. 2009ರಲ್ಲಿ ಸೆಕೆಂಡಿನ ಲೆಕ್ಕದಲ್ಲಿ ದರ ತಂದ ಟಾಟಾ ಡೊಕೊಮೊ ಇವತ್ತು ಎಲ್ಲಿದೆ? ಏರ್‌ಟೆಲ್‌ನಲ್ಲಿ ಸೇರಿಹೋಯಿತು. ಏರ್‌ಸೆಲ್ 2018ರಲ್ಲಿ ದಿವಾಳಿಯಾಯಿತು. ಅದೇ ವರ್ಷ ವೊಡಾಫೋನ್ ಮತ್ತು ಐಡಿಯಾ ಒಂದಾದವು. 2012ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ ಒಂದೇ ತೀರ್ಪಿನಲ್ಲಿ 122 ಪರವಾನಗಿಗಳನ್ನು ರದ್ದು ಮಾಡಿತು. 2016ರ ಸೆಪ್ಟೆಂಬರ್ 5ರಂದು ಜಿಯೊ ಬಂದಾಗ ಕರೆ ಉಚಿತ, ಡೇಟಾ ಉಚಿತ ಎಂದು ನಮ್ಮ ಕಡೆಯ ಜನ ಸಾಲುಗಟ್ಟಿ ನಿಂತರು. ಅದರಿಂದ ಒಳ್ಳೆಯದೂ ಆಯಿತು, ಬಡವರ ಮನೆಗೂ ಇಂಟರ್ನೆಟ್ ಬಂತು, ಅದನ್ನು ಮರೆಯಬಾರದು. ಆಮೇಲೆ 2019ರ ಡಿಸೆಂಬರ್, 2021ರ ಕೊನೆ, 2024ರ ಜುಲೈ ಹೀಗೆ ದರ ಏರುತ್ತಲೇ ಬಂತು. 2024ರಲ್ಲಂತೂ ಮೂರು ಖಾಸಗಿ ಕಂಪನಿಗಳೂ ಎರಡು ದಿನದ ಒಳಗೆ ಏರಿಸಿದವು. ವ್ಯಾಪಾರ ಅಂದರೆ ಹಾಗೆಯೇ. ಆದ್ದರಿಂದ ನಿಮ್ಮ ನಂಬರು ನಿಮ್ಮದು, ಕಂಪನಿ ಈ ವರ್ಷದ ಅನುಕೂಲ ಎಂದು ತಿಳಿದು ನಡೆಯಿರಿ. ಬಿಎಸ್‌ಎನ್‌ಎಲ್ 2025ರ ಸೆಪ್ಟೆಂಬರ್ 27ರಂದು ನಮ್ಮ ದೇಶದಲ್ಲೇ ಮಾಡಿದ ತಂತ್ರಜ್ಞಾನದ 4ಜಿ ಜಾಲವನ್ನು ಅಧಿಕೃತವಾಗಿ ಶುರುಮಾಡಿದೆ. ಸಿ-ಡಾಟ್ ಹೆಸರು ಅದರಲ್ಲೂ ಇದೆ. ನಿಮ್ಮ ಊರಿನ ಬಿಎಸ್‌ಎನ್‌ಎಲ್ ಟವರಿಗೆ ಅದು ಬಂದಿದೆಯೇ ಎಂದು ವಿಚಾರಿಸಿ. ಬಂದಿದ್ದರೆ ಎರಡನೇ ಸಿಮ್ಮಾಗಿಯಾದರೂ ಪ್ರಯತ್ನಿಸಿ ನೋಡಬಹುದು.

ಫೋನಿನ ಕಂತಿನ ವಿಷಯಕ್ಕೆ ಬರುತ್ತೇನೆ. ಇದು ನನ್ನ ನಿದ್ದೆ ಕೆಡಿಸಿದ ವಿಷಯ.

ಹಿಂದೆ ನಮ್ಮ ಕಡೆ ಸಾಲ ಅಂದರೆ ಬೀಜಕ್ಕೆ, ಬೋರಿಗೆ, ಮದುವೆಗೆ, ಆಸ್ಪತ್ರೆಗೆ. ಸಾಲ ಮಾಡುವ ದಿನ ಮನೆಯಲ್ಲಿ ಒಂದು ಥರ ಮೌನ ಇರುತ್ತಿತ್ತು. ಈಗ ಹತ್ತೊಂಬತ್ತು ವರ್ಷದ ಹುಡುಗ ಅಂಗಡಿಯಲ್ಲಿ ಆಧಾರ್, ಪ್ಯಾನ್ ಕೊಟ್ಟು, ಚಹಾ ಕುಡಿದು ಮುಗಿಸುವಷ್ಟರಲ್ಲಿ ಇಪ್ಪತ್ತೈದು ಸಾವಿರದ ಸಾಲಗಾರನಾಗಿ ಹೊರಗೆ ಬರುತ್ತಾನೆ. ಬಡ್ಡಿ ಇಲ್ಲ ಎಂದು ಬೋರ್ಡ್ ಹಾಕಿರುತ್ತಾರೆ. ಬಡ್ಡಿ ಇಲ್ಲದಿರಬಹುದು. ಪ್ರೊಸೆಸಿಂಗ್ ಫೀ ಇರುತ್ತದೆ, ಕೇಳದಿದ್ದರೂ ಸೇರಿಸಿದ ವಿಮೆ ಇರುತ್ತದೆ, ನಗದು ಕೊಟ್ಟವನಿಗೆ ಸಿಗುವ ರಿಯಾಯಿತಿ ನಿಮಗೆ ತಪ್ಪಿರುತ್ತದೆ. ಕಂತಿನ ದಿನ ಖಾತೆಯಲ್ಲಿ ಹಣವಿಲ್ಲದಿದ್ದರೆ ಬ್ಯಾಂಕೂ ದಂಡ ಹಾಕುತ್ತದೆ, ಸಾಲ ಕೊಟ್ಟವರೂ ಹಾಕುತ್ತಾರೆ. ನಮ್ಮ ಮನೆಗಳಿಗೆ ತಿಂಗಳು ತಿಂಗಳು ಸಂಬಳ ಬರುವುದಿಲ್ಲ ಮಕ್ಕಳೇ. ಮುಂಗಾರು ಕೈ ಕೊಟ್ಟರೆ ವರ್ಷವೇ ಕೈ ಕೊಟ್ಟಂತೆ. ಅನಂತಪುರದ ಮಳೆ ನಿಮಗೆ ಗೊತ್ತು. ಮಳೆ ನಂಬಿ ಬದುಕುವವರು ತಿಂಗಳ ಕಂತಿಗೆ ಸಹಿ ಹಾಕುವಾಗ ನೂರು ಸಲ ಯೋಚಿಸಬೇಕು.

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುವ ಹುಡುಗರೂ ಇದನ್ನೇ ಮಾಡುತ್ತಿದ್ದಾರೆ. ಪೀಸಿನ ಲೆಕ್ಕದಲ್ಲಿ ಕೂಲಿ, ಕೆಲಸ ಇದ್ದ ವಾರ ಇರುತ್ತದೆ, ಇಲ್ಲದ ವಾರ ಇಲ್ಲ. ಕಂತಿಗೆ ಮಾತ್ರ ರಜೆ ಇಲ್ಲ. ಎರಡು ಕಂತು ತಪ್ಪಿದರೆ ಅದು ನಿಮ್ಮ ಸಿಬಿಲ್ ದಾಖಲೆಯಲ್ಲಿ ಕೂರುತ್ತದೆ. ನಾಲ್ಕು ವರ್ಷದ ನಂತರ ನೀವು ಹೊಲಿಗೆ ಮಿಷನ್ನಿಗೋ, ಟ್ರ್ಯಾಕ್ಟರಿಗೋ ಸಾಲ ಕೇಳಲು ಹೋದಾಗ ಮ್ಯಾನೇಜರ್ ಮೊದಲು ನೋಡುವುದು ಆ ದಾಖಲೆ. ಅಷ್ಟೊತ್ತಿಗೆ ಆ ಫೋನು ಒಡೆದು ಮೂಲೆ ಸೇರಿರುತ್ತದೆ.

ಹಾಗಾದರೆ ಏನು ಮಾಡಬೇಕು? ಒಂದು ವರ್ಷ ಕಾಯಿರಿ. ಕಂತು ಕಟ್ಟುವಷ್ಟೇ ಹಣವನ್ನು ತಿಂಗಳಿಗೊಮ್ಮೆ ಬ್ಯಾಂಕಿನ ಒಂದು ವರ್ಷದ ಆರ್‌ಡಿಯಲ್ಲಿ ಕಟ್ಟಿ, ವರ್ಷ ತುಂಬಿದ ಮೇಲೆ ನಗದು ಹಿಡಿದು ಹೋಗಿ. ಅಷ್ಟರಲ್ಲಿ ನಿಮಗೆ ಬೇಕಾದ ಫೋನಿನ ಬೆಲೆಯೂ ಇಳಿದಿರುತ್ತದೆ. ಅಥವಾ ಆ ಆಸೆಯೇ ಇಳಿದು, ಆ ಹಣ ಬೇರೆ ಕೆಲಸಕ್ಕೆ ಬರಬಹುದು. ಈಗಿರುವ ಫೋನಿಗೆ ಬ್ಯಾಟರಿ ಬದಲಾಯಿಸಿದರೆ ಇನ್ನೂ ಎರಡು ವರ್ಷ ನಡೆಯುತ್ತದೆಯೇ ಎಂದು ನಂಬಿಕಸ್ತ ರಿಪೇರಿಯವರಿಗೆ ತೋರಿಸಿ. ಹೊಸದನ್ನೇ ಕೊಳ್ಳುವುದಾದರೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತಾರೆ ಎಂದು ಕೇಳಿ. ಫೋನ್‌ಪೇ, ಗೂಗಲ್‌ಪೇ, ಬ್ಯಾಂಕಿನ ಆ್ಯಪು ಎಲ್ಲ ಅದರಲ್ಲೇ ಇರುವಾಗ ಬೀಗ ಹಳೆಯದಾದ ಫೋನು ಅಪಾಯ. ಸರ್ವಿಸ್ ಸೆಂಟರ್ ಅನಂತಪುರದಲ್ಲಿದೆಯೋ ಬಳ್ಳಾರಿಯಲ್ಲಿದೆಯೋ ಇಲ್ಲವೇ ಎಲ್ಲೂ ಇಲ್ಲವೋ, ಅದನ್ನೂ ಕೇಳಿ. ಹಳೆಯ ಫೋನು ಕೊಳ್ಳುವುದು ತಪ್ಪಲ್ಲ, ಅವಮಾನವೂ ಅಲ್ಲ. ಆದರೆ ಬಿಲ್ಲಿಲ್ಲದ ಫೋನು ಮುಟ್ಟಬೇಡಿ. ಸ್ಟಾರ್, ಹ್ಯಾಷ್, 06, ಹ್ಯಾಷ್ ಒತ್ತಿದರೆ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಕಾಣುತ್ತದೆ. ಅದನ್ನು ಸರ್ಕಾರದ ‘ಸಂಚಾರ್ ಸಾಥಿ’ಯಲ್ಲಿ ಹಾಕಿ ನೋಡಿದರೆ ಕದ್ದ ಮಾಲೋ ಅಲ್ಲವೋ ತಿಳಿಯುತ್ತದೆ. ನಿಮ್ಮದೇ ಫೋನು ಕಳೆದರೆ ಅದನ್ನು ಯಾರೂ ಬಳಸದಂತೆ ತಡೆಯುವುದೂ ಅಲ್ಲೇ.

ಅದೇ ಸಂಚಾರ್ ಸಾಥಿಯಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಬಹುದು. ಇವತ್ತೇ ನೋಡಿ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಛತ್ರಿ ಕೆಳಗೆ ಕೂತು ಸಿಮ್ ಮಾರುವವರಲ್ಲಿ ಪ್ರಾಮಾಣಿಕರೂ ಇದ್ದಾರೆ, ಹೊಟ್ಟೆಪಾಡಿನ ನಮ್ಮದೇ ಹುಡುಗರು. ಆದರೆ ‘ಹೆಬ್ಬೆಟ್ಟು ಸರಿಯಾಗಿ ಬೀಳಲಿಲ್ಲ, ಇನ್ನೊಂದು ಸಲ ಒತ್ತಿ’ ಎಂದು ಹೇಳಿ ಒಂದು ಹೆಬ್ಬೆಟ್ಟಿಗೆ ಎರಡು ಸಿಮ್ ತೆಗೆಯುವವರೂ ಇದ್ದಾರೆ. ಆ ಎರಡನೇ ಸಿಮ್ಮು ಎಲ್ಲೋ ಮೋಸಗಾರನ ಕೈ ಸೇರಿ, ಪೊಲೀಸರು ಬಂದು ಬಾಗಿಲು ತಟ್ಟುವುದು ನಿಮ್ಮ ಅಪ್ಪನ ಮನೆಯದು. ಐನೂರು ಕೊಡುತ್ತೇನೆ, ನಿನ್ನ ಹೆಸರಿನಲ್ಲಿ ಸಿಮ್ ತೆಗೆದುಕೊಡು, ನಿನ್ನ ಬ್ಯಾಂಕ್ ಖಾತೆ ಸ್ವಲ್ಪ ದಿನ ಕೊಡು ಎಂದು ಯಾರಾದರೂ ಕೇಳಿದರೆ, ಅವನು ನೆಂಟನೇ ಆಗಿದ್ದರೂ ಎದ್ದು ಬನ್ನಿ.

ಸಾಲದ ಆ್ಯಪುಗಳು, ದುಡ್ಡಿಟ್ಟು ಆಡುವ ರಮ್ಮಿ ಆಟಗಳು. ಇವುಗಳ ಬಗ್ಗೆ ಬರೆಯುವಾಗ ಕೈ ನಡುಗುತ್ತದೆ. ಆಂಧ್ರ ಸರ್ಕಾರ 2020ರಲ್ಲೇ ಇಂಥ ಆಟಗಳನ್ನು ನಿಷೇಧಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಕಾಯ್ದೆ ಮಾಡಿತು. ಕಾಯ್ದೆ ಬಂದರೂ ಬೇರೆ ಹೆಸರಿನಲ್ಲಿ, ಟೆಲಿಗ್ರಾಮ್ ಗುಂಪುಗಳಲ್ಲಿ ಆಸೆ ತೋರಿಸುವವರು ನಿಂತಿಲ್ಲ. ಸಾಲದ ಆ್ಯಪು ಮೊದಲು ಕೇಳುವುದು ನಿಮ್ಮ ಫೋನಿನ ನಂಬರುಗಳ ಪಟ್ಟಿ, ಫೋಟೊಗಳು. ಕೊಟ್ಟಿರೋ, ನಾಳೆ ನಿಮ್ಮ ಮೇಷ್ಟ್ರಿಗೆ, ಅಕ್ಕನ ಅತ್ತೆ ಮನೆಗೆ ಕರೆ ಹೋಗುತ್ತದೆ, ತಿದ್ದಿದ ಕೆಟ್ಟ ಚಿತ್ರ ಹೋಗುತ್ತದೆ. ಇದರಲ್ಲಿ ಸಿಕ್ಕಿಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಪ್ಪಾ, ಕೇಳಮ್ಮಾ: ಅಪ್ಪನಿಗೆ ಹೇಳು. ಅಪ್ಪ ಬೈಯಬಹುದು, ಒಂದು ದಿನ ಮಾತು ಬಿಡಬಹುದು. ನೀನು ಉಳಿಯುವುದು ಅವನಿಗೆ ಹೊಲ ಉಳಿಯುವುದಕ್ಕಿಂತ ದೊಡ್ಡದು. ಅಪ್ಪನ ಹತ್ತಿರ ಆಗದಿದ್ದರೆ ಸೋದರಮಾವನಿಗೆ ಹೇಳು, ಮೇಷ್ಟ್ರಿಗೆ ಹೇಳು. 1930ಕ್ಕೆ ಕರೆ ಮಾಡು, ಅದು ಸೈಬರ್ ಮೋಸದ ದೂರಿನ ಸಹಾಯವಾಣಿ. ದುಡ್ಡು ಹೋದ ಮೊದಲ ಗಂಟೆಯಲ್ಲೇ ಮಾಡಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಹಳೆಯ ನಂಬರನ್ನು ಸುಮ್ಮನೆ ಬಿಟ್ಟುಬಿಡುವ ಅಭ್ಯಾಸವೂ ನಿಮ್ಮಲ್ಲಿದೆ. ಹೊಸ ಆಫರಿಗೆ ಹೊಸ ಸಿಮ್, ಹಳೆಯದು ಡಬ್ಬಿಗೆ. ಬಳಸದ ನಂಬರನ್ನು 90 ದಿನದ ನಂತರ ಕಂಪನಿ ನಿಲ್ಲಿಸಬಹುದು, ಆಮೇಲೆ ಬೇರೆಯವರಿಗೆ ಕೊಡಬಹುದು. ಆ ನಂಬರು ನಿಮ್ಮ ಅಜ್ಜಿಯ ಪಿಂಚಣಿ ಖಾತೆಗೆ, ನಿಮ್ಮ ಆಧಾರ್‌ಗೆ ಸೇರಿಕೊಂಡಿದ್ದರೆ? ಬಿಡುವ ಮೊದಲು ಬ್ಯಾಂಕಿಗೆ, ಆಧಾರ್ ಕೇಂದ್ರಕ್ಕೆ ಹೋಗಿ ನಂಬರು ಬದಲಾಯಿಸಿ ಬನ್ನಿ.

ಕನ್ನಡದ ಬಗ್ಗೆಯೂ ಒಂದು ಮಾತು ಹೇಳಬೇಕಿದೆ. ರಾಯದುರ್ಗ, ಮಡಕಶಿರ ಭಾಗದಲ್ಲಿ ಇನ್ನೂ ಕನ್ನಡ ಶಾಲೆಗಳಿವೆ. ಈ ನೆಲಕ್ಕೆ ಕನ್ನಡ ಹೊಸದಲ್ಲ, ಹಿಂದಿನ ನೊಳಂಬ ಅರಸರ ರಾಜಧಾನಿ ಹೆಂಜೇರು ಇದೇ ಅಮರಾಪುರದ ಮಗ್ಗುಲಲ್ಲಿದೆ. ಮನೆಯಲ್ಲಿ ಕನ್ನಡ ಮಾತಾಡುವ ನೀವು ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತೀರಿ. ಈಗ ಮಾರುವ ಫೋನುಗಳಲ್ಲಿ ಕನ್ನಡ ಕೀಲಿಮಣೆ ಹಾಕಿಕೊಳ್ಳುವುದು ಸುಲಭ. ಬರೆಯಲು ಬೇಸರವಾದರೆ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿದರೆ ಅದೇ ಬರೆದುಕೊಳ್ಳುತ್ತದೆ. ಕರ್ನಾಟಕ ಸರ್ಕಾರದ ‘ಕಣಜ’ದಲ್ಲಿ, ಕನ್ನಡ ವಿಕಿಪೀಡಿಯದಲ್ಲಿ ನಿಮ್ಮ ಪಾಠಕ್ಕೆ ಬೇಕಾದದ್ದು ಎಷ್ಟೋ ಇದೆ. ಗ್ರಾಹಕ ಸೇವೆಗೆ ಕರೆ ಮಾಡಿದಾಗ ಭಾಷೆ ಆರಿಸುವಲ್ಲಿ ಕನ್ನಡ ಇದ್ದರೆ ಅದನ್ನೇ ಒತ್ತಿ, ಇಲ್ಲದಿದ್ದರೆ ಕನ್ನಡದಲ್ಲಿ ಮಾತಾಡುವವರು ಬೇಕೆಂದು ಕೇಳಿ. ತೆಲುಗು ನಮಗೆ ಚೆನ್ನಾಗಿ ಬರುತ್ತದೆ, ಅದು ನಮ್ಮ ನೆರೆಯವರ ನುಡಿ, ಅದರ ಮೇಲೆ ಯಾವ ಸಿಟ್ಟೂ ಇಲ್ಲ. ಕೇಳದ ಭಾಷೆಯನ್ನು ಯಾವ ಕಂಪನಿಯೂ ಇಡುವುದಿಲ್ಲ, ಅಷ್ಟಕ್ಕೆ ಹೇಳಿದೆ.

ಕೊನೆಗೆ ನಿಮ್ಮಿಂದ ಒಂದು ಕೆಲಸ ಆಗಬೇಕು. ನಿಮ್ಮ ಮನೆಯಲ್ಲಿ ಅಜ್ಜನ ಹತ್ತಿರವೋ ಅಜ್ಜಿಯ ಹತ್ತಿರವೋ ಗುಂಡಿ ಒತ್ತುವ ಫೋನು ಇರುತ್ತದೆ. ಅದರಲ್ಲಿ ಇಂಟರ್ನೆಟ್ ಬಳಸುವುದೇ ಇಲ್ಲ. ಆದರೂ ವರ್ಷಗಟ್ಟಲೆ ಡೇಟಾ ಸೇರಿದ ಪ್ಯಾಕಿಗೆ ಅವರು ದುಡ್ಡು ಕಟ್ಟುತ್ತಾ ಬಂದಿದ್ದಾರೆ, ಬೇರೆ ಪ್ಯಾಕ್ ಕಾಣಿಸುತ್ತಿರಲಿಲ್ಲ. ಇಂಥವರಿಗಾಗಿಯೇ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಿತು. ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಇಡಲೇಬೇಕು, ಅದರ ಅವಧಿ 365 ದಿನದವರೆಗೂ ಇರಬಹುದು ಎಂದಿತು. ಆ ಪ್ಯಾಕುಗಳು ಬಂದಿವೆ. ಅಜ್ಜಿಗೆ ಅದು ಗೊತ್ತಾಗುವ ದಾರಿಯಿಲ್ಲ, ಅಂಗಡಿಯವರು ತಾವಾಗಿ ಹೇಳುವುದಿಲ್ಲ. ಈ ಸಲ ಅವರ ರೀಚಾರ್ಜ್ ಮುಗಿಯುವ ಮೊದಲು ನಿಮ್ಮ ಫೋನಿನಲ್ಲಿ ಆ ಕಂಪನಿಯ ಆ್ಯಪು ತೆಗೆದು, ಬರೀ ಕರೆಯ ಪ್ಯಾಕ್ ಎಷ್ಟಕ್ಕಿದೆ, ಎಷ್ಟು ದಿನಕ್ಕಿದೆ ಎಂದು ಹುಡುಕಿ. ಈಗ ಕಟ್ಟುತ್ತಿರುವುದರ ಜೊತೆ ಹೋಲಿಸಿ ನೋಡಿ. ಕಡಿಮೆ ಬಿದ್ದರೆ ಅದನ್ನೇ ಹಾಕಿಸಿ, ಮುಗಿಯುವ ತಾರೀಖನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಅವರ ಕೈಗೆ ಕೊಡಿ.